ಹತ್ತು ಅರ್ಜಿ ಬರೆದ ಹವಾಲ್ದಾರರು

ಹವಾಲ್ದಾರರ ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಇರುತ್ತಿದ್ದವು. ಅವನ್ನು ತುಟಿಯ ಎಡಮೂಲೆಯಲ್ಲಿ ಕಚ್ಚಿಕೊಂಡು, ಉಳಿದ ಅರ್ಧ ಬಾಯಿಯಲ್ಲೇ ಮಾತಾಡುತ್ತಿದ್ದರು, ನಗುತ್ತಿದ್ದರು, ಚಹಾ ಕೂಡ ಕುಡಿಯುತ್ತಿದ್ದರು. ಹುನಗುಂದದ ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಒಂದು ಕುಂಟು ಮೇಜು ಹಾಕಿಕೊಂಡು ಮಂದಿಗೆ ಅರ್ಜಿ ಬರೆದುಕೊಡುವುದು ಅವರ ಕೆಲಸ. ಸೂಜಿ ಬಾಯಿಂದ ಹೊರಬರುವುದು ಕಾಗದಕ್ಕೆ ಚುಚ್ಚುವಾಗ ಮಾತ್ರ. ಅದು ಬಿಟ್ಟು ಬರೀ ಮಾತಾಡಲಿಕ್ಕೆಂದು ಅವರು ಸೂಜಿ ತೆಗೆದದ್ದನ್ನು ನಾನು ಕಂಡದ್ದು ಎರಡೇ ಸಲ.

ಎಪ್ಪತ್ತರ ದಶಕದ ಕೊನೆ ಅದು. ನಾನು ಹೊಸದಾಗಿ ಶಾಲೆಗೆ ಶಿಕ್ಷಕಿಯಾಗಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರಾಗಿ, ಸೇರಿ ಇಳಕಲ್ಲಿನಿಂದ ದಿನಾ ಹುನಗುಂದಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮದು ನೇಕಾರರ ಮನೆ. ಮಹಾಯುದ್ಧದ ಕಾಲದಲ್ಲಿ ನೂಲು ಸಿಗದೆ ಮಗ್ಗ ನಿಂತಾಗ ನನ್ನ ಅಜ್ಜ ಬಾಗಲಕೋಟೆಗೆ ಹೋಗಿ ದಂಡಿಗೆ ಸೇರಿದ್ದ. ಒಂದು ವರ್ಷ ಪತ್ರ ಬಂದವು, ಆಮೇಲೆ ಪೊಲೀಸರು ಬಂದರು. ಓಡಿ ಬಂದು ಮನೆಯಲ್ಲಿ ಅಡಗಿದ್ದಾನೇನೋ ಎಂದು ಮಗ್ಗದ ಕುಣಿಯವರೆಗೆ ಜಾಲಾಡಿ ಹೋದರು. ಅವತ್ತಿನಿಂದ ನಮ್ಮ ಮನೆಗೆ ಓಣಿಯಲ್ಲಿ ಓಡಿಹೋದವನ ಮನೆ ಎಂದೇ ಹೆಸರು.

ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ಕುಂಕುಮ ಅಳಿಸಿರಲಿಲ್ಲ. ಅಜ್ಜನ ಮಾತನ್ನೂ ಎತ್ತುತ್ತಿರಲಿಲ್ಲ. ಎತ್ತಲೇಬೇಕಾದರೆ ‘ದಂಡಿಗೆ ಹೋದವ್ರು’ ಅನ್ನುತ್ತಿದ್ದಳು, ಅಷ್ಟೇ. ಬಸುರಿಯಾಗಿದ್ದ ನನ್ನ ಅಕ್ಕನ ಕುಬಸದ ದಿನ ಅರಿಶಿನ-ಕುಂಕುಮದ ತಟ್ಟೆ ಹಿಡಿದ ಹೆಂಗಸು ಆಯಿಯ ಮುಂದೆ ಬಂದು ನಿಂತಳು. ಮುತ್ತೈದೆಯೋ ವಿಧವೆಯೋ ತಿಳಿಯದೆ ಒಂದು ಗಳಿಗೆ ನೋಡಿ, ಮುಂದಿನವಳ ಹತ್ತಿರ ಸರಿದಳು. ಹಿಂದಿನಿಂದ ಯಾರೋ ಮುಸಿಮುಸಿ ನಕ್ಕರು. ಆಯಿ ತಲೆ ತಗ್ಗಿಸಲಿಲ್ಲ. ಆದರೆ ಅವಳ ಕೈ ಸೆರಗನ್ನು ಹಿಂಡುತ್ತಿದ್ದುದನ್ನು ನಾನು ನೋಡಿದೆ. ನನಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಮರುದಿನವೇ ಹವಾಲ್ದಾರರ ಮೇಜಿನ ಮುಂದೆ ನಿಂತೆ.

ಅವರು ಯುದ್ಧದಲ್ಲಿ ಬಂದೂಕು ಹಿಡಿದವರಲ್ಲ, ದಂಡಿನ ಕಚೇರಿಯಲ್ಲಿ ಲೇಖನಿ ಹಿಡಿದವರು. ನನ್ನ ಮಾತು ಪೂರ್ತಿ ಕೇಳಿಸಿಕೊಂಡು, “ನಂಬರ್ ಐತೇನ್ರಿ ಅಕ್ಕೋರ?” ಎಂದರು. “ಹೆಸರಿನ ಮ್ಯಾಲ ಸರಕಾರಕ್ಕ ಯಾರೂ ಸಿಗೂದಿಲ್ಲ.”

ನಂಬರು ಎಲ್ಲಿಂದ ತರುವುದು? ಪೊಲೀಸರು ಬಂದು ಹೋದ ಮೇಲೆ ಮುತ್ತಜ್ಜ ಅಜ್ಜನ ಪತ್ರಗಳನ್ನೆಲ್ಲ ಒಲೆಗೆ ಹಾಕಿದ್ದ. ಮೂರು ದಿನ ನಾನು ಪೀಡಿಸಿದ ಮೇಲೆ ಆಯಿ ದೇವರ ಜಗಲಿಯ ಮೇಲಿನ ಪಟ ಇಳಿಸಿ ನನ್ನ ತೊಡೆಯ ಮೇಲಿಟ್ಟಳು. ಹಿಂದಿನ ರಟ್ಟಿಗೆ ಅಜ್ಜ ಬರೆದ ಒಂದು ಕಾರ್ಡನ್ನು, ಅಕ್ಷರ ಒಳಮುಖ ಮಾಡಿ, ಮಗ್ಗದ ನೂಲಿಗೆ ಹಚ್ಚುವ ಗಂಜಿಯಿಂದ ಅಂಟಿಸಿದ್ದಳು. ಅದೊಂದನ್ನು ಮಾತ್ರ ಮಾವನ ಕಣ್ಣು ತಪ್ಪಿಸಿ ಉಳಿಸಿದ್ದಳು.

ಹವಾಲ್ದಾರರು ಪಟವನ್ನು ತಮ್ಮ ಖೋಲಿಗೆ ಒಯ್ದು, ಒದ್ದೆ ಅರಿವೆ ಹಾಕಿ, ಬ್ಲೇಡಿನಿಂದ ಎಳೆ ಎಳೆಯಾಗಿ ಆ ಕಾರ್ಡು ಬಿಡಿಸಿದರು. ನೀರು ಹೆಚ್ಚಾದರೆ ಮಸಿ ಕರಗುತ್ತದೆ, ಕಡಿಮೆಯಾದರೆ ಕಾಗದ ಹರಿಯುತ್ತದೆ. ಮಧ್ಯಾಹ್ನ ಕೂತವರು ಹೊತ್ತು ಇಳಿಯುವವರೆಗೆ ಎದ್ದೇಳಲಿಲ್ಲ. ಅಜ್ಜ ತನ್ನ ವಿಳಾಸದಲ್ಲಿ ಬರೆದಿದ್ದ ನಂಬರಿನ ಅಂಕಿಗಳು ಒಂದೊಂದಾಗಿ ಬಂದವು. ಕೊನೆಯ ಅಂಕಿ ಮಾತ್ರ ರಟ್ಟಿಗೇ ಹತ್ತಿಕೊಂಡು ಹರಿದು ಹೋಯಿತು. ನನಗೆ ಅಳುವೇ ಬಂತು.

“ಅಳಾಕ ಏನಾತ್ರಿ? ಸೊನ್ನಿಂದ ಒಂಬತ್ತರ ತನಕ ಹತ್ತ ಅಂಕಿ ಅದಾವು, ಹತ್ತ ಅರ್ಜಿ ಬರಿಯೂಣು.”

ಬರೆದರು. ಹತ್ತೂ ಒಂದೇ ಒಕ್ಕಣೆ, ಕೊನೆಯ ಅಂಕಿ ಮಾತ್ರ ಬೇರೆ. ಹತ್ತಕ್ಕೂ ಸೂಜಿ ಚುಚ್ಚಿ ಕಳಿಸಿದರು.

ತಿಂಗಳುಗಟ್ಟಲೆ ಉತ್ತರಗಳು ಒಂದೊಂದಾಗಿ ಬಂದವು. ಈ ಸಂಖ್ಯೆ ನಿಮ್ಮವನದಲ್ಲ, ಬಾದಾಮಿ ಕಡೆಯವನದು. ಇದು ಕುಳಗೇರಿ ಕಡೆಯವನದು. ಇದು ಬೇವೂರಿನವನದು, ಗಾಯಗೊಂಡು ಬಿಡುಗಡೆಯಾದವನು. ಕೊನೆಯ ಅಂಕಿ ಏಳು ಎಂದು ಬರೆದ ಅರ್ಜಿಗೆ ಅಜ್ಜನ ಹೆಸರು ಬಂತು. ಅದರ ಮುಂದೆ ಒಂದೇ ಸಾಲು: ಅನುಮತಿಯಿಲ್ಲದೆ ಗೈರುಹಾಜರು, ಪತ್ತೆಯಾಗಿಲ್ಲ.

ಓಣಿಯ ಮಂದಿ ಅಂದದ್ದೇ ಖರೆಯಾಯಿತು ಅನ್ನಿಸಿತು. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತಾಗಿತ್ತು ನನ್ನ ಗತಿ. ಆ ಕಾಗದ ಹರಿಯಲು ಹೋದೆ. ಹವಾಲ್ದಾರರು ನನ್ನ ಕೈ ತಡೆದು, ಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. ಅದು ಮೊದಲ ಸಲ.

“ಇದು ಉತ್ತರ ಅಲ್ರಿ ಅಕ್ಕೋರ, ಕಾರಕೂನನ ಬ್ಯಾಸರಕಿ. ಮನಿಷಾ ಕಾಣ್ಲಿಲ್ಲ ಅನ್ನೂದು ಬ್ಯಾರೆ, ಓಡಿ ಹ್ವಾದ ಅನ್ನೂದು ಬ್ಯಾರೆ.” ಬೇವೂರಿನ ಕಾಗದವನ್ನು ಪಕ್ಕಕ್ಕೆ ಜೋಡಿಸಿದರು. ಅದರ ಕೊನೆಯ ಅಂಕಿ ಎಂಟು. “ನಂಬರ್ ಪಾಳಿ ಮ್ಯಾಲ ಕೊಡ್ತಾರ. ಬಾಗಲಕೋಟ್ಯಾಗ ಭರ್ತಿ ಆದ ದಿನ ಇಂವ ನಿಮ್ಮಜ್ಜನ ಬೆನ್ನಿಗೇ ನಿಂತಾಂವ. ನಡೀರಿ, ಕೇಳೂಣು.”

ಬೇವೂರಿನ ಆ ಮುದುಕ ಒಂದು ಕಾಲೆಳೆಯುತ್ತ ಎಮ್ಮೆಗೆ ಕಣಿಕೆ ಹಾಕುತ್ತಿದ್ದ. ಅಜ್ಜನ ಹೆಸರು ಕೇಳಿದವನೇ ಅಲ್ಲೇ ಕೂತುಬಿಟ್ಟ.

“ಬರ್ಮಾದಾಗ ದಂಡು ಹಿಂದ ಸರಿಯೂ ಹೊತ್ತಿನ್ಯಾಗ ಒಂದು ಹೊಳಿ ಅಡ್ಡ ಬಂತು. ದಾಟಾಕ ಕಟ್ಟಿದ ಹಗ್ಗಕ್ಕ ಗಂಟು ಹಾಕಿದಾಂವ ಅವನ, ನೇಕಾರನ ಗಂಟು. ಕಾಲಿಗಿ ಗಾಯ ಆಗಿದ್ದ ನನ್ನನ್ನ ಬೆನ್ನ ಮ್ಯಾಲ ಹೊತ್ತು ಆಚಿ ದಡಕ್ಕ ಇಳಿಸಿದಾ. ಇನ್ನೊಬ್ಬಾಂವ ಅದಾನ ಅಂತ ಹೊಳ್ಳಿ ಹ್ವಾದ. ನೀರು ಏರ್ತು. ಬರಲಿಲ್ಲ.” ಕುಂಟು ಕಾಲನ್ನು ಸವರಿಕೊಂಡು ಹೇಳಿದ: “ನನಗ ಎಚ್ಚರಾದಾಗ ದವಾಖಾನಿಯೊಳಗಿದ್ದೆ. ಯಾರೂ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ದೆ.”

ಹವಾಲ್ದಾರರು ಅಷ್ಟನ್ನೂ ಬರೆದು ಮಸಿಯ ಡಬ್ಬಿ ಮುಂದಿಟ್ಟರು. ಮುದುಕ ಕೈ ಹಿಂದೆ ಎಳೆದುಕೊಂಡ. “ಒಂದ್ಸಲ ಭರ್ತಿ ಕಾಗದಕ್ಕ ಹೆಬ್ಬಟ್ಟು ಒತ್ತಿ ಕಾಲು ಕೆಡಿಸ್ಕೊಂಡೇನಿ. ಇನ್ನೊಂದ ಸಲ ಒತ್ತಂಗಿಲ್ಲ.”

ಇವನೊಬ್ಬನೇ ಕಂಡವನು. ಇವನು ಒತ್ತದಿದ್ದರೆ ಆ ಸಾಲು ಹಾಗೇ ಉಳಿಯುತ್ತದೆ. ಹವಾಲ್ದಾರರು ಒತ್ತಾಯ ಮಾಡಲಿಲ್ಲ. “ಮೂವತ್ತೈದ ವರ್ಷದಿಂದ ಮಂದಿ ಆ ಹೆಣ್ಣಮಗಳ ಕುಂಕುಮಕ್ಕ ಜವಾಬು ಕೇಳಾಕತ್ತಾರ,” ಎಂದಷ್ಟೇ ಹೇಳಿ, ಡಬ್ಬಿ ಮುಚ್ಚದೆ ಕೂತರು. ಎಮ್ಮೆ ಕಣಿಕೆ ತಿಂದು ಮುಗಿಸಿತು. ಕೊನೆಗೆ ಮುದುಕ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದ.

ಆ ಹೇಳಿಕೆ ಕಳಿಸಿ, ನೆನಪೋಲೆಯ ಮೇಲೆ ನೆನಪೋಲೆ ಬರೆದು, ವರ್ಷ ಕಳೆದ ಮೇಲೆ ಉತ್ತರ ಬಂತು. ಅದನ್ನು ಹವಾಲ್ದಾರರು ನನ್ನ ಕೈಗೆ ಕೊಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹತ್ತಿ ಇಳಕಲ್ಲಿಗೆ ತಾವೇ ಬಂದರು. ಆಯಿ ರಾಟೆಯ ಮುಂದೆ ಕೂತಿದ್ದಳು. ಅವರು ನಿಂತುಕೊಂಡೇ ಓದಿದರು: ಗೈರುಹಾಜರು ಎಂಬ ನಮೂದನ್ನು ಹೊಡೆದು ಹಾಕಲಾಗಿದೆ. ಅಲ್ಲಿಗೆ ನಿಲ್ಲಿಸಿ, “ಮುಂದಿನ ಸಾಲು ಓದ್ಲೇನ್ರಿ ಯವ್ವಾ?” ಎಂದರು. ಮುಂದಿನ ಸಾಲು ಆಯಿಯನ್ನು ವಿಧವೆ ಮಾಡುವ ಸಾಲು. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ.

ಆಯಿ ರಾಟೆ ನಿಲ್ಲಿಸಿದಳು. “ಬ್ಯಾಡಣ್ಣಾ. ಅದು ನನಗ ಪತ್ರ ನಿಂತಾಗನ ಗೊತ್ತಾಗಿತ್ತು. ಓಡಿ ಹೋದಾಂವ ಅನಿಸ್ಕೊಂಡು ಸಾಯಬಾರದಂತ ಇಷ್ಟ ದಿನ ಜೀವಂತ ಇಟ್ಟಿದ್ದೆ.” ಸೆರಗಿನ ತುದಿಯಿಂದ ತಾನೇ ಹಣೆಯ ಕುಂಕುಮ ಒರೆಸಿಕೊಂಡಳು.

ಆಗ ಹವಾಲ್ದಾರರು ಎರಡನೆಯ ಸಲ ಸೂಜಿ ತೆಗೆದರು. “ಯವ್ವಾ, ಇಂಥಾ ಸಾಲು ನಾನೂ ಬರದೇನಿ. ಹೊತ್ತು ಮುಳುಗೂದ್ರಾಗ ಪಟ್ಟಿ ಮುಗಸಬೇಕಾಗಿತ್ತು, ಮನಿಷಾ ಏನಾದ ಅಂತ ಕೇಳಾಕ ಪುರಸೊತ್ತು ಇರಲಿಲ್ಲ. ಎಷ್ಟ ಮನಿಗಿ ಪೊಲೀಸರ ಹೋದ್ರೋ.”

ಆಯಿ ಅವರನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ತಪ್ಪೂ ಇರಲಿಲ್ಲ.

“ಈ ಸಾಲು ಹೊಡದ ಹಾಕಿಸಿದಾಂವನೂ ನೀನ ಅಲ್ಲೇನು,” ಎಂದಳು. “ನಡಿ, ಕೈಕಾಲ ತೊಳಕೊ. ರೊಟ್ಟಿ ಆಗ್ಯಾವು.”

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಹವಾಲ್ದಾರರು ತೀರಿಕೊಂಡರು. ಹುನಗುಂದಕ್ಕೆ ನಾನು ಒಬ್ಬಳೇ ಹೊರಟಿದ್ದೆ. ಆಯಿ ನನಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು. ಅಲ್ಲಿ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ತುಟಿಯ ಮೂಲೆಯಲ್ಲಿ ಸೂಜಿ ಇರಲಿಲ್ಲ, ಅಷ್ಟಕ್ಕೇ ಬೇರೆ ಯಾರೋ ಅನ್ನಿಸುತ್ತಿದ್ದರು. ನನಗೆ ದುಃಖ ಒತ್ತರಿಸಿ ಬಂತು. ಆಯಿ ಅವರ ಕಾಲ ಹತ್ತಿರ ಕೂತಳು. ಗುರುತಿಲ್ಲದ ಮುದುಕಿಯನ್ನು ಕಂಡು ಮನೆಯವರು, “ನಿಮಗ ಏನಾಗಬೇಕ್ರಿ ಇವ್ರು?” ಎಂದು ಕೇಳಿದರು.

“ನಮ್ಮ ಮನಿಯವ್ರನ್ನ ಮನಿಗಿ ಕರ್ಕೊಂಡು ಬಂದಾಂವ,” ಎಂದಳು ಆಯಿ.