ಹಲಗೆ ನೋಡಿ ಬರೆದ ಉಯಿಲು

ಮೂವತ್ತು ವರ್ಷ ವಿಸ್ಕಾನ್ಸಿನ್ ಹಿಮದಲ್ಲಿ ಶಾಲೆಯ ಬಸ್ಸು ಓಡಿಸಿದ ವರ್ನಾ ಸುಲಭಕ್ಕೆ ಹೆದರುವ ಹೆಂಗಸಲ್ಲ. ಆ ಮಂಗಳವಾರ ಮಾತ್ರ ಆಸ್ಪತ್ರೆಯಲ್ಲಿ ಒಂದು ಹಾಳೆ ಅವಳ ಜೀವ ಹಿಂಡಿಬಿಟ್ಟಿತು. ಅದು ಗಂಡ ಓರ್ವಿಲ್‌ನ ಕೊನೆಗಾಲದ ಉಯಿಲು. ತನಗೆ ಪ್ರಜ್ಞೆ ಇಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡುವ ಪತ್ರ. ಅವನು ಬರೆದದ್ದು ಒಂದೇ ಸಾಲು: "ನನ್ನನ್ನು ಯಂತ್ರಗಳ ಮೇಲೆ ಇಡಬೇಡಿ."

ನ್ಯುಮೋನಿಯಾ ಏರಿ ಅವನಿಗೆ ಉಸಿರು ಸಿಗುತ್ತಿರಲಿಲ್ಲ, ಎಚ್ಚರವೂ ತಪ್ಪಿತ್ತು.

"ನಾಲ್ಕೈದು ದಿನ ಉಸಿರಾಟದ ಯಂತ್ರ ಹಾಕಿದ್ರೆ ಉಳಿಯೋ ಸಾಧ್ಯತೆ ಚೆನ್ನಾಗಿದೆ," ಎಂದಳು ಡಾಕ್ಟರ್. "ಆದ್ರೆ ಪತ್ರ ಬೇಡ ಅನ್ನುತ್ತೆ. ಯಾವಾಗ್ಲೂ ಬೇಡವೋ, ವಾಸಿಯಾಗೋ ಆಸೆ ಇಲ್ಲದಾಗ ಮಾತ್ರ ಬೇಡವೋ, ಬರೆದಿಲ್ಲ. ಅವರ ಪರವಾಗಿ ನೀವೇ ಹೇಳ್ಬೇಕು. ಅರ್ಧ ಗಂಟೆ ಕಾಯಬಹುದು ಅಷ್ಟೆ."

ಬೇಡವೆಂದರೆ ಗಂಡ ಹೋಗುತ್ತಾನೆ. ಬೇಕೆಂದರೆ ಅವನ ಮಾತಿಗೆ ತಾನೇ ದ್ರೋಹ ಬಗೆದಂತೆ.

ಆ ಸಾಲು ಹುಟ್ಟಿದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಒಂದು ಶನಿವಾರ ಊರವರೆಲ್ಲ ಕಾಫಿ ಕುಡಿಯುತ್ತ, ಸೇಬಿನ ಪೈ ತಿನ್ನುತ್ತ ಕೂತು ಒಟ್ಟಿಗೆ ಉಯಿಲು ಬರೆದಿದ್ದರು. ಹಲಗೆಯ ಮೇಲೆ ಲೊರೇನ್ ಟೀಚರ್ ಒಂದು ಮಾದರಿ ಬರೆದಳು. ನಮ್ಮೂರಿನವರು ಸಾಯುವುದಕ್ಕಾದರೂ ತಯಾರು, ಪಕ್ಕದವರಿಗಿಂತ ಬೇರೆಯಾಗಿ ಕಾಣುವುದಕ್ಕಲ್ಲ. ಮೂವತ್ತನಾಲ್ಕು ಜನವೂ ಅದನ್ನೇ ಇಳಿಸಿಕೊಂಡರು.

ವರ್ನಾ ಫೋನು ಮಾಡಿದಳು. "ಲೊರೇನ್, ಹಲಗೆ ಮೇಲೆ ಬರೆದ್ಯಲ್ಲ, ಆ ಸಾಲು ಯಾರದ್ದೇ?"

"ನಮ್ಮಮ್ಮಂದು ಕಣೆ. ಅವಳಿಗೆ ಮೈಯೆಲ್ಲ ಕ್ಯಾನ್ಸರ್ ಹರಡಿತ್ತಲ್ಲ, ಆಗ ಬರೆಸಿದ್ದು. ಯಾಕೆ, ನೀವೂ ಅದನ್ನೇ ನಕಲು ಹೊಡೆದ್ರಾ?"

"ಎಲ್ಲರೂ ಹೊಡೆದ್ವಿ."

ಫೋನಿಟ್ಟು ವರ್ನಾ ನೆಟ್ಟಗೆ ಡಾಕ್ಟರ್ ಹತ್ತಿರ ಹೋದಳು. "ಐದು ದಿನ ಹಾಕಿ. ಅಷ್ಟರಲ್ಲಿ ಗುಣ ಕಾಣ್ದಿದ್ರೆ ತೆಗೀರಿ, ನಾನು ಅಡ್ಡ ಬರಲ್ಲ."

ಮುಂದಿನ ಮೂರು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಓರ್ವಿಲ್‌ನ ಗಂಟಲಿನಿಂದ ಕೊಳವೆ ತೆಗೆದರು. ಅವನು ನೀರು ಕೇಳುವ ಮೊದಲೇ ವರ್ನಾ ತಪ್ಪೊಪ್ಪಿಕೊಂಡಳು. "ನೀನು ಬೇಡ ಅಂದಿದ್ದ ಯಂತ್ರ ನಾನೇ ಹಾಕಿಸ್ದೆ."

"ನಾನ್ಯಾವಾಗ ಬೇಡ ಅಂದೆ?" ಎಂದ, ಒಡೆದ ದನಿಯಲ್ಲಿ.

"ಉಯಿಲಲ್ಲಿ."

"ಅದನ್ನ ಓದಿದೋರ್ಯಾರು? ಆ ಕಡೆ ಸೇಬಿನ ಪೈ ಖಾಲಿಯಾಗ್ತಿತ್ತು."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಮನೆಗೆ ಬಂದ ವಾರ ಹೊಸ ಉಯಿಲು ಬರೆಯಲು ಕೂತರು. ಓರ್ವಿಲ್ ಒಂದೇ ಮಾತು ಬರೆದು ಪೆನ್ನು ಕೆಳಗಿಟ್ಟ: "ವರ್ನಾನ ಕೇಳಿ."

ಅವಳು ಪೆನ್ನನ್ನು ಮತ್ತೆ ಅವನ ಕೈಗೇ ತುರುಕಿದಳು. "ಆ ಅರ್ಧ ಗಂಟೆ ಇನ್ನೊಂದ್ಸಲ ನನ್ನಿಂದಾಗಲ್ಲ. ಯಾವ ಯಂತ್ರ, ಎಷ್ಟು ದಿನ, ಯಾವಾಗ ಸಾಕು, ಎಲ್ಲ ಬರಿ. ನಾನು ಕೂತಿರ್ತೀನಿ."