ನಾಗಲಕ್ಷ್ಮಮ್ಮನವರ ಹೊಸಿಲು ಮೆಟ್ಟದ ಅಯ್ಯನವರು

ಮಾರತ್ತಹಳ್ಳಿಯ ಆ ಹಿಂಬೀದಿಯಲ್ಲಿ ಪಿಜಿಗಳನ್ನು ಬಿಟ್ಟರೆ ಸಂಸಾರದ ಮನೆ ಎರಡೇ. ಒಂದು ನಾಗಲಕ್ಷ್ಮಮ್ಮನವರದು. ಇನ್ನೊಂದು ಪಕ್ಕದಲ್ಲೇ ಇರುವ ವಾರಗಿತ್ತಿ ವನಜಾಳದು. ಕಾಂಪೌಂಡ್ ಗೋಡೆಯ ಮಹಾಯುದ್ಧದ ನಂತರ ಎರಡು ಮನೆಗೂ ಮಾತಿಲ್ಲ. ಮೂರು ಕಟ್ಟಡಗಳ ಒಡತಿ ನಾಗಲಕ್ಷ್ಮಮ್ಮನವರಿಗೆ ಯಾರ ಮನೆಯ ಕುಕ್ಕರ್ ಯಾಕೆ ಕೂಗಿತೆಂಬುದೂ ಗೊತ್ತು. ಗೊತ್ತಿಲ್ಲದ್ದು ಇದೊಂದೇ: ತಮ್ಮ ಮಹಡಿಯ ಕೋಣೆಯಲ್ಲೇ ಬಾಡಿಗೆಗಿರುವ ಸಿದ್ದಲಿಂಗಯ್ಯನವರು ದಿನಾ ವನಜಾಳ ಬಾಗಿಲಲ್ಲಿ ಭಿಕ್ಷೆಗೆ ನಿಲ್ಲುತ್ತಾರೆ, ತಮ್ಮ ಬಾಗಿಲಿಗೆ ಯಾಕೆ ಬರುವುದಿಲ್ಲ?

ಸಿದ್ದಲಿಂಗಯ್ಯ ಯಾದಗಿರಿ ಕಡೆಯ ಜಂಗಮರು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ವಯಸ್ಸು ಸವೆಸಿ, ಹೆಂಡತಿ ತೀರಿಕೊಂಡ ಮೇಲೆ ಕಾವಿ ಉಟ್ಟು, ಮನೆತನದ ಜೋಳಿಗೆಯನ್ನು ಹೆಗಲಿಗೇರಿಸಿದವರು. ಜೋಳಿಗೆಯಲ್ಲಿ ಸಾರು ನಿಲ್ಲದಾದ್ದರಿಂದ ಒಂದು ಸ್ಟೀಲ್ ಕ್ಯಾನಿಗೂ ದೀಕ್ಷೆಯಾಯಿತು.

ಒಂದು ಬೆಳಿಗ್ಗೆ ನಾಗಲಕ್ಷ್ಮಮ್ಮನವರು ನೈಟಿಯ ಮೇಲೆ ಟವೆಲ್ ಹೊದ್ದು ಅಯ್ಯನವರ ಹಿಂದೆ ದಂಡಯಾತ್ರೆ ಹೊರಟರು. ಟೆಕ್‌ಪಾರ್ಕಿನ ಹಿಂದೆ, ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಬಳಿ, ನೀರಿನ ಟ್ಯಾಂಕರಿನ ಮರೆಯಲ್ಲಿ ನಿಂತರು. ಅಂದು ಕೂಲಿಗೆ ಹೋಗಲಾಗದವರೆಲ್ಲ ತಟ್ಟೆ ಹಿಡಿದು ಕೂತಿದ್ದರು: ಒಬ್ಬ ಬಾಣಂತಿ, ಕಾಲು ಮುರಿದ ಗಾರೆಯವನು, ಚನ್ನಕ್ಕ ಎಂಬ ಮುದುಕಿ. ಅಯ್ಯನವರು ಭಿಕ್ಷೆಯ ಅನ್ನವನ್ನು ಅವರಿಗೆ ಬಡಿಸಿದರು.

"ಪುಳಿಯೋಗರೆ ಯಾರ ಮನೀದ್ರೀ ಅಯ್ಯಾರ? ಭಾರಿ ರುಚಿ ಆಗೇತಿ," ಎಂದಳು ಚನ್ನಕ್ಕ.

"ವನಜಕ್ಕಾರದು."

"ಆ ತಾಯಿ ಹೊಟ್ಟಿ ತಣ್ಣಗಿರ್ಲಿ!"

ಟ್ಯಾಂಕರಿನ ಹಿಂದಿನ ಹೊಟ್ಟೆ ಧಗಧಗ ಉರಿಯಿತು. ನಾಗಲಕ್ಷ್ಮಮ್ಮನವರು ಹೊರಗೆ ನುಗ್ಗಿದರು.

"ಅಯ್ನೋರೇ, ನನ್ ಮನೇಲಿ ಅನ್ನ ಬೇಯಾಕಿಲ್ವಾ? ನನ್ನ ಯಾಕಿಂಗೆ ದೂರ ಮಡಗಿದ್ದೀರಿ?"

"ಸಿಟ್ಟಾಗಬ್ಯಾಡ್ರಿ ಅವ್ವಾ. ಮಲಗೂ ಮನ್ಯಾಗ ಭಿಕ್ಷಾ ಎತ್ತಬಾರ್ದು ಅಂತ ನಮ್ಮ ಗುರುಗಳ ಕಟ್ಟಳೆ."

"ಬೇರೆಯೋರ ಬಾಗಿಲಲ್ಲಿ ನಾನ್ ನಿಂತು ನೀಡಿದ್ರೆ?"

ಅಯ್ಯನವರು ಗಡ್ಡ ಕೆರೆದುಕೊಂಡರು. "ಹೊಸಿಲು ನೋಡ್ತೀವ್ರಿ. ಕೈ ಯಾರದು ಅಂತ ಕೇಳಂಗಿಲ್ಲ."

ಬೀದಿಯಲ್ಲಿ ಇನ್ನೊಂದು ಹೊಸಿಲು ಯಾರದೆಂದು ನೆನಪಾದಾಗ ನಾಗಲಕ್ಷ್ಮಮ್ಮನವರ ಮುಖ ಹುಳ್ಳಗಾಯಿತು. ಆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಅವರೆಕಾಳಿನ ಸಾರಿನ ದೊಡ್ಡ ಪಾತ್ರೆ ಹೊತ್ತು, ಶತ್ರುದೇಶದ ಗಡಿ ದಾಟಿ, ಕಾಲಿಂಗ್ ಬೆಲ್ ಒತ್ತಿದರು.

ಬಾಗಿಲು ತೆರೆದ ವನಜಾ ಕಣ್ಣರಳಿಸಿದಳು. "ಏನಕ್ಕಾ, ದಾರಿ ತಪ್ಪಿ ಬಂದ್ಬಿಟ್ಯಾ?"

"ನಿನ್ ಮುಖ ನೋಡಕ್ಕೆ ಬಂದಿಲ್ಲ ಕಣೇ. ನಿನ್ ಹೊಸಿಲು ಒಂದ್ ಗಳಿಗೆ ಬೇಕಾಗಿತ್ತು."

ಅಷ್ಟರಲ್ಲಿ ಅಯ್ಯನವರು ಬಂದು ಕ್ಯಾನಿನ ಮುಚ್ಚಳ ತೆಗೆದರು. ಯಾರು, ಯಾಕೆ ಎಂದು ಕೇಳಲಿಲ್ಲ. ನಾಗಲಕ್ಷ್ಮಮ್ಮನವರು ಬಗ್ಗಿಸಹೊರಟ ಪಾತ್ರೆ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿತು.

"ಚೆಲ್ಲೀಯಾ ಕಣಕ್ಕಾ, ಈಗಷ್ಟೇ ರಂಗೋಲಿ ಬಿಟ್ಟಿದ್ದೀನಿ!" ಎಂದು ಗದರುತ್ತ ವನಜಾ ಪಾತ್ರೆಯ ಇನ್ನೊಂದು ಅಂಚು ಹಿಡಿದಳು.