ಬೆರಕೆ ತೆನೆ

ಕರೂರಿನಲ್ಲಿ ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿಗೆ ನಾನೇ ಮುಂದಾಳು. ಯಾವ ಗದ್ದೆಗೆ ಯಾವ ಮಡಿಯ ಸಸಿ ಕೀಳಬೇಕು ಎಂದು ತೋರಿಸುವವಳು ನಾನು. ಕಳೆದ ಮಳೆಗಾಲದಲ್ಲಿ ತಪ್ಪು ತೋರಿಸಿದೆ. ಬೀಜಕ್ಕೆಂದೇ ಬಿಟ್ಟ ಗದ್ದೆಗೆ ಸಣ್ಣ ಭತ್ತದ ಸಸಿಯ ಜೊತೆ ಪಕ್ಕದ ಮಡಿಯ ದಪ್ಪ ಭತ್ತದ ಸಸಿಯೂ ಹೋಯಿತು. ನನ್ನ ಕಣ್ಣು ಮಂಜಾಗಿದ್ದವು. ಹೇಳಿದರೆ ಮುಂದಾಳುತನ ಹೋದೀತೆಂದು ಯಾರಿಗೂ ಹೇಳಿರಲಿಲ್ಲ.

ತೆನೆ ಬಂದಾಗ ದಪ್ಪ ಭತ್ತ ಗೇಣುದ್ದ ಮೇಲೆದ್ದು ನಿಂತಿತು. ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತಿತ್ತು.

ಗದ್ದೆಯ ಯಜಮಾನತಿ ಹೆಂಗಸರೆಲ್ಲರ ಎದುರಿಗೆ ನನಗೆ ಅಂದಳು: "ಈ ಬೆರಕಿ ಬೀಜ ಯಾರು ತಗೊಂತಾರ? ಮುಪ್ಪಾತು, ಮನಿಯಾಗ ಕುಂದ್ರಬಾರ್ದಾ?"

ಮರುದಿನವೇ ಕುರುಗೋಡಿನ ಅಕ್ಕನ ಮನೆಗೆ ಹೋದೆ. ನಡೆದದ್ದನ್ನು ಹೇಳಿ, ಇನ್ನು ಗದ್ದೆಗೆ ಇಳಿಯುವುದಿಲ್ಲ ಅಂದೆ.

ಅಕ್ಕ ಮೂರು ದಿನ ಏನೂ ಕೇಳದೆ ಉಣ್ಣಲಿಕ್ಕಿದಳು. ನಾಲ್ಕನೆಯ ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದಳು: "ತೆನಿ ಇನ್ನಾ ಹಸಿ ಅದಾವೇನು?"

"ಅದಾವು."

"ಮತ್ತ ಇಲ್ಲ್ಯಾಕ ಕುಂತೀಲೇ? ಹೋಗಿ ದಪ್ಪವು ಕೊಯ್ದು ತೆಗಿ, ಉಳಿದದ್ದು ಬೀಜಕ್ಕ ಆಗತೈತಿ."

"ಎರಡು ಎಕರೆ ಐತಕ್ಕ."

"ಇರಲಿ. ನನ್ನ ಜೋಳ ಖಾಲಿ ಮಾಡೋದಕ್ಕಿಂತ ಅದಾ ಚಲೋ."

ಬೈದಳೇ ಹೊರತು ತಲೆಯ ಮೇಲಿನ ಕೈ ತೆಗೆಯಲಿಲ್ಲ.

ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಊರಿಗೆ ಬಂದು, ನೇರ ಯಜಮಾನತಿಯ ಮನೆಗೆ ಹೋದೆ. "ದಪ್ಪ ತೆನಿ ಕೊಯ್ದು ಕೊಡ್ತೀನ್ರಿ ಅಮ್ಮಾರ. ಕೂಲಿ ಬ್ಯಾಡ."

"ನಿನಗ ಕಣ್ಣು ಕಾಣ್ತಾವೇನು?"

"ಸರಿಯಾಗಿ ಕಾಣಂಗಿಲ್ರಿ. ತಪ್ಪಿದ್ದು ಅದಕ್ಕಾ. ಎತ್ತರ ಐತಲ್ರಿ, ಕೈಗೆ ಗೊತ್ತಾಗತೈತಿ."

ಆಕೆ ಒಳಗಿನಿಂದ ಕುಡುಗೋಲು ತಂದು ಕೊಟ್ಟಳು.

ಮರುದಿನ ಬೆಳಿಗ್ಗೆ ಗದ್ದೆಗೆ ಇಳಿದು, ತೆನೆಗಳ ಮೇಲೆ ಅಂಗೈ ಚಾಚಿ ನಡೆದೆ. ಎತ್ತರದ ತೆನೆ ಕೈಗೆ ತಾಗಿದರೆ ಬುಡಕ್ಕೆ ಕೊಯ್ದು ಉಡಿಗೆ ಹಾಕಿಕೊಂಡೆ. ಮಧ್ಯಾಹ್ನದವರೆಗೆ ಒಂದು ಮೂಲೆಯೂ ಮುಗಿಯಲಿಲ್ಲ. ಸೊಂಟ ಹಿಡಿದು ಬದುವಿನ ಮೇಲೆ ಕುಳಿತೆ. ಇದು ನನ್ನಿಂದಾಗದು, ಮನೆಗೆ ಹೋಗೋಣ ಅನ್ನಿಸಿತು.

ಅಷ್ಟರಲ್ಲಿ ನಮ್ಮ ಗುಂಪಿನ, ನನ್ನ ಜೊತೆ ಸದಾ ಜಗಳವಾಡುವ ಪಕ್ಕದ ಮನೆಯವಳು ಸೀರೆ ಮೇಲಕ್ಕೆ ಕಟ್ಟಿ ಗದ್ದೆಗೆ ಇಳಿದಳು. ಹಿಂದೆ ಇನ್ನೂ ನಾಲ್ವರು.

"ಕೂಲಿ ಇಲ್ಲವ್ವಾ," ಅಂದೆ.

"ಕೇಳಿದ್ವೇನು? ಸಸಿ ಕಿತ್ತಾಕೇರು ನಾವೂ ಅಲ್ಲೇನು? ನಿನ್ನ ಕಣ್ಣಿನ ಸುದ್ದಿ ಅಮ್ಮಾರು ಹೇಳಿದ್ರು. ನೀ ಕುರುಡಿ ಇದ್ದಿ, ನಮಗೇನಾಗಿತ್ತು ಧಾಡಿ? ಏಳು ಅತ್ತಿ, ಕುಂತರ ಸೊಂಟ ಹಿಡಿಕೊಂತೈತಿ."

ಸಾಲಾಗಿ ನಡೆದೆವು. ನಾನು ಬಿಟ್ಟ ತೆನೆಯನ್ನು ಪಕ್ಕದ ಮನೆಯವಳು ನನ್ನ ಮೂಗಿನೆದುರು ಆಡಿಸಿ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ.

ಮೂರನೆಯ ಸಂಜೆಗೆ ಗದ್ದೆ ಒಂದೇ ಸಮವಾಯಿತು. ಯಜಮಾನತಿ ಈ ಬದುವಿನಿಂದ ಆ ಬದುವಿಗೆ ನಡೆದು ಎರಡು ದಪ್ಪ ತೆನೆ ಹುಡುಕಿ ತಂದು ನನ್ನ ಕೈಗಿಟ್ಟಳು.

"ಇವೆರಡು ಬಿಟ್ಟಿದ್ರಿ. ಬರೋ ಸಲ ಸಸಿ ಕೀಳೋ ಮುಂದ ಈಕಿಗೆ ಒಮ್ಮೆ ತೋರಿಸು," ಎಂದು ಪಕ್ಕದ ಮನೆಯವಳ ಕಡೆ ಕೈ ಮಾಡಿದಳು. "ಆದ್ರ ಗುಂಪು ನೀನಾ ಕರ್ಕೊಂಡು ಬಾ."

"ಹೂಂನ್ರಿ," ಅಂದೆ. ಕೈ ತೊಳೆಯಲು ಕಾಲುವೆಗೆ ಇಳಿದವಳು ಮುಖವನ್ನೂ ತೊಳೆದುಕೊಂಡೆ. ಕಣ್ಣು ಒಣಗಲು ಸ್ವಲ್ಪ ಹೊತ್ತು ಹಿಡಿಯಿತು.